ಐಸಿಯು ಬಾಗಿಲ ಹೊರಗೆ ಕೂತವರು ಏನು ಕೇಳಬೇಕು, ಏನು ಮಾಡಬೇಕು

ಮನೆಯವರನ್ನು ಐಸಿಯುಗೆ ಹಾಕಿದ್ದಾರೆ, ನೀವು ಹೊರಗೆ ಬೆಂಚಿನ ಮೇಲೆ ಕೂತಿದ್ದೀರಿ ಅಂದರೆ ಇದು ನಿಮಗೆ. ನಾನು ಅಣ್ಣಿಗೇರಿಯವಳು. ನರ್ಸಿಂಗ್ ಓದಿ, ಹುಬ್ಬಳ್ಳಿಯ ಐಸಿಯುಗಳಲ್ಲಿ ಸಿಸ್ಟರ್ ಆಗಿ ದುಡಿದು, ಈಗ ನಿವೃತ್ತಿಯಾಗಿದ್ದೇನೆ. ಸರ್ಕಾರಿ ಆಸ್ಪತ್ರೆಯನ್ನೂ ಕಂಡಿದ್ದೇನೆ, ಖಾಸಗಿಯನ್ನೂ ಕಂಡಿದ್ದೇನೆ. ಎರಡೂ ಕಡೆ ಒಂದೇ ಮಾತು ಕೇಳಿಸಿತ್ತು: "ಏನ್ ಕೇಳಬೇಕಂತನೇ ನಮಗ ತಿಳೀಲಿಲ್ರಿ ಸಿಸ್ಟರ್." ರೊಕ್ಕವೂ ಹೋಗಿ, ಮನುಷ್ಯನೂ ಹೋದ ಮೇಲೆ ಬರುವ ಮಾತು ಅದು. ಕೇಳಬೇಕಾದ್ದು ಮೊದಲ ದಿನವೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಐಸಿಯು ತಾನಾಗಿ ಯಾವ ರೋಗವನ್ನೂ ವಾಸಿ ಮಾಡುವುದಿಲ್ಲ. ಕುಸಿಯುವ ಗೋಡೆಗೆ ಗಳ ಆನಿಸಿ ನಿಲ್ಲಿಸುತ್ತಾರಲ್ಲ, ಅಷ್ಟೇ ಅದರ ಕೆಲಸ. ಗಳ ನಿಂತಿರುವಾಗ ಗೋಡೆ ರಿಪೇರಿ ಆಗಬೇಕು. ಉಸಿರು ಸೋತರೆ ವೆಂಟಿಲೇಟರ್, ಬಿಪಿ ಬಿದ್ದರೆ ಏರಿಸುವ ಔಷಧ, ಕಿಡ್ನಿ ನಿಂತರೆ ಡಯಾಲಿಸಿಸ್. ಇವೆಲ್ಲ ಸಮಯ ಕೊಡುತ್ತವೆ. ಆ ಸಮಯದಲ್ಲಿ ಆಂಟಿಬಯಾಟಿಕ್ ಕೆಲಸ ಮಾಡಬೇಕು, ಇಲ್ಲವೇ ವಿಷ ಇಳಿಯಬೇಕು, ಇಲ್ಲವೇ ದೇಹ ತಾನೇ ಚೇತರಿಸಬೇಕು. ಹಾಗಾಗಿ ಡಾಕ್ಟರಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: "ಸರ್, ಏನು ಸರಿಹೋಗಲಿ ಅಂತ ಕಾಯ್ತಾ ಇದ್ದೀವಿ? ಅದಕ್ಕೆ ಎಷ್ಟು ದಿನ ಬೇಕು?" ಉತ್ತರ ಸಿಕ್ಕರೆ ಮುಂದಿನದ್ದೆಲ್ಲ ಅರ್ಥವಾಗುತ್ತದೆ. ಉತ್ತರ ಸಿಗದಿದ್ದರೆ ಮರುದಿನ ಮತ್ತೆ ಕೇಳಿ.

ಈ ವಿದ್ಯೆ ಹುಟ್ಟಿದ್ದೂ ಹೀಗೇ. 1952ರಲ್ಲಿ ಡೆನ್ಮಾರ್ಕಿನ ಕೊಪೆನ್‌ಹೇಗನ್‌ನಲ್ಲಿ ಪೋಲಿಯೋ ಹಾವಳಿ ಎದ್ದಿತ್ತು. ಉಸಿರಾಡಿಸುವ ಸ್ನಾಯುಗಳೇ ಸೋತು ಮಕ್ಕಳು ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಅನ್ನುವ ಅರಿವಳಿಕೆ ಡಾಕ್ಟರು ಗಂಟಲಿಗೆ ತೂತು ಮಾಡಿಸಿ, ಕೊಳವೆ ಹಾಕಿ, ರಬ್ಬರ್ ಚೀಲ ಒತ್ತಿ ಗಾಳಿ ಕೊಡುವ ದಾರಿ ತೋರಿಸಿದರು. ಅಷ್ಟೊಂದು ಯಂತ್ರ ಎಲ್ಲಿಂದ ಬರಬೇಕು? ಮೆಡಿಕಲ್ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು, ಒಂದೊಂದು ಹಾಸಿಗೆಯ ಪಕ್ಕ ಕೂತು, ಹಗಲು ರಾತ್ರಿ ವಾರಗಟ್ಟಲೆ ಕೈಯಿಂದ ಚೀಲ ಒತ್ತಿದರು. ಸಾಯುವವರ ಪ್ರಮಾಣ ಅರ್ಧಕ್ಕೂ ಕೆಳಗೆ ಇಳಿಯಿತು. ಜಗತ್ತಿನ ಮೊದಲ ಐಸಿಯು ಅಂತ ಹೇಳುವುದು ಅದರ ಮುಂದಿನ ವರ್ಷ ಅಲ್ಲಿ ಶುರುವಾದದ್ದನ್ನೇ. ಅಲ್ಲಿ ಮಕ್ಕಳನ್ನು ಉಳಿಸಿದ್ದು ಪಕ್ಕದಲ್ಲಿ ಕೂತಿದ್ದ ಆ ಹುಡುಗ ಹುಡುಗಿಯರ ಕೈಗಳು. ಇದನ್ನು ಯಾಕೆ ಹೇಳುತ್ತಿದ್ದೇನೆ ಅನ್ನುವುದು ಕೊನೆಗೆ ಗೊತ್ತಾಗುತ್ತದೆ.

ಆಸ್ಪತ್ರೆ ಮುಟ್ಟುವ ಮೊದಲು

ನಮ್ಮ ಕಡೆ ಐಸಿಯುಗೆ ಬರುವವರಲ್ಲಿ ಪೂರ್ತಿ ಉಳಿಸಬಹುದಾದವರು ಬಹಳ ಜನ. ಅವರು ದಾರಿಯಲ್ಲಿ ಹೋಗಿಬಿಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮೂರು ಕಾಯಿಲೆಗಳ ಬಗ್ಗೆ ಬಿಡಿಸಿ ಹೇಳುತ್ತೇನೆ.

ಒಂದು, ಹಾವು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಗಾಯ ಕಾಣುವುದಿಲ್ಲ, ಉರಿಯೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತಾರೆ, ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಇಂಥವರನ್ನು ಹೊತ್ತಿಗೆ ವೆಂಟಿಲೇಟರಿಗೆ ಹಾಕಿದರೆ ಕೆಲವು ದಿನಗಳಲ್ಲಿ ಎದ್ದು ಕೂತು ಚಹಾ ಕೇಳುತ್ತಾರೆ. ಹಾಗಾಗಿ ಮಂತ್ರ ಹಾಕಿಸುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ದು ರಕ್ತ ಹಿಂಡುವುದು ಯಾವುದೂ ಬೇಡ. ಕಾಲು ಅಲುಗಾಡಿಸದೆ ಹತ್ತಿರದ ತಾಲೂಕು ಆಸ್ಪತ್ರೆಗೆ ಒಯ್ಯಿರಿ, ವಿಷ ಇಳಿಸುವ ಇಂಜೆಕ್ಷನ್ ಅಲ್ಲಿ ಶುರುವಾಗಲಿ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಬನ್ನಿ. ನರಗುಂದದಿಂದಲೋ ಹಾನಗಲ್ಲಿನಿಂದಲೋ ಇಂಜೆಕ್ಷನ್ ಇಲ್ಲದೆ ನೇರ ಹುಬ್ಬಳ್ಳಿಗೆ ಓಡಿ ಬರುವುದರಲ್ಲಿ ಅರ್ಥವಿಲ್ಲ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಎಲ್ಲಿ ಎಷ್ಟು ಔಷಧ ಬೇಕು ಅಂತ ತಿಳಿಯಲು ಅದು ಒಳ್ಳೆಯ ಹೆಜ್ಜೆ.

ಎರಡು, ಬೆಳೆಗೆ ಹೊಡೆಯುವ ಎಣ್ಣೆ. ಗೊತ್ತಿಲ್ಲದೆ ಹೊಟ್ಟೆಗೆ ಹೋಗಿರಲಿ, ಮನಸ್ಸು ಮುರಿದು ಕುಡಿದಿರಲಿ, ಮೊದಲು ಬಟ್ಟೆ ಬಿಚ್ಚಿ ಮೈಯನ್ನು ಸೋಪು ಹಾಕಿ ತೊಳೆಯಿರಿ. ತೊಳೆಯುವವರು ತಮ್ಮ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಲಿ. ಉಪ್ಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಟಲಿ ಜೊತೆಗೆ ತನ್ನಿ, ಹೆಸರು ನೋಡಿ ಔಷಧ ಕೊಡುತ್ತಾರೆ. ಇದರಲ್ಲಿ ಮನೆಯವರು ಮೋಸ ಹೋಗುವ ಜಾಗ ಒಂದಿದೆ. ಮರುದಿನ ರೋಗಿ ಮಾತಾಡುತ್ತಾನೆ, ಇಡ್ಲಿ ಬೇಡುತ್ತಾನೆ. "ಆರಾಮ್ ಆದ್ನಲ್ರಿ, ಕರ್ಕೊಂಡು ಹೋಗ್ತೀವಿ" ಅಂತಾರೆ. ಕೆಲವು ಎಣ್ಣೆಗಳಲ್ಲಿ ಒಂದರಿಂದ ನಾಲ್ಕು ದಿನದ ಒಳಗೆ ಕುತ್ತಿಗೆ ಎತ್ತಲಾಗದೆ, ಉಸಿರು ಸೋಲುತ್ತದೆ. ಡಾಕ್ಟರು ಇರಿ ಅಂದಷ್ಟು ದಿನ ಇರಿ. ಕುಡಿದು ಉಳಿದವರಿಗೆ ಬೈಯಬೇಡಿ. ಮನಸ್ಸಿನ ಡಾಕ್ಟರನ್ನು ಅಲ್ಲೇ ಕರೆಸಿ ಅಂತ ಕೇಳಿ. ಮನೆಗೆ ಬಂದ ಮೇಲೆ ಧಾರವಾಡದಲ್ಲಿ ಮನಸ್ಸಿನ ಕಾಯಿಲೆಯ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಫೋನಿನಲ್ಲೇ ಮಾತಾಡಬೇಕಾದರೆ ಟೆಲಿ ಮಾನಸ್ 14416 ಇದೆ.

ಮೂರು, ಎದೆನೋವು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಉಚಿತ. ಹೊತ್ತು ಹೋದಷ್ಟೂ ಅದರ ಕೆಲಸ ಕಡಿಮೆ.

ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವಾಗ ಸುಮ್ನೆ ಚೀಟಿ ಹಿಡಿದು ಹೊರಡಬೇಡಿ. ಕಳಿಸುವ ಡಾಕ್ಟರೇ ಆ ಕಡೆಗೆ ಫೋನ್ ಮಾಡಿ "ವೆಂಟಿಲೇಟರ್ ಬೆಡ್ ಐತೇನ್ರಿ?" ಅಂತ ಕೇಳಲಿ. 108ಕ್ಕೆ ಹೇಳುವಾಗ ರೋಗಿಗೆ ಆಕ್ಸಿಜನ್ ಬೇಕು, ವೆಂಟಿಲೇಟರ್ ಬೇಕು ಅಂತ ಬಿಡಿಸಿ ಹೇಳಿ. ಕೊಟ್ಟ ಇಂಜೆಕ್ಷನ್, ಕೊಟ್ಟ ಹೊತ್ತು ಚೀಟಿಯಲ್ಲಿ ಇರಲಿ. ನಮ್ಮ ಭಾಗದಲ್ಲಿ ಹುಬ್ಬಳ್ಳಿಯ ಕಿಮ್ಸ್ ಇದೆ (ಈಗ ಹೆಸರು ಕೆಎಂಸಿಆರ್‌ಐ, ಜನ ಕಿಮ್ಸ್ ಅಂತಲೇ ಅನ್ನುತ್ತಾರೆ), ಧಾರವಾಡದ ಸಿವಿಲ್ ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ, ಗದಗದ ಜಿಮ್ಸ್, ಹಾವೇರಿಯ ಮೆಡಿಕಲ್ ಕಾಲೇಜು ಇವೆ. ಹದಿನೈದು ವರ್ಷದ ಹಿಂದೆ ಗದಗ, ಹಾವೇರಿಯಲ್ಲಿ ಮೆಡಿಕಲ್ ಕಾಲೇಜೇ ಇರಲಿಲ್ಲ. ಎಲ್ಲರೂ ಹುಬ್ಬಳ್ಳಿಗೇ ಬರುತ್ತಿದ್ದರು.

ಮೊದಲ ದಿನ

ಮನೆಯಲ್ಲಿ ಒಬ್ಬರನ್ನು ಗೊತ್ತು ಮಾಡಿ. ಡಾಕ್ಟರ ಹತ್ತಿರ ಮಾತಾಡುವವರು ಅವರೇ. ಓದಿದವರೇ ಆಗಬೇಕು ಅಂತಿಲ್ಲ, ಗಾಬರಿಯಾಗದವರು ಆಗಬೇಕು. ಕಾಕಾ ಒಂದು ಕೇಳಿ, ಅಳಿಯ ಒಂದು ಕೇಳಿ, ಬೆಂಗಳೂರಿನ ಮಗ ಫೋನಿನಲ್ಲಿ ಇನ್ನೊಂದು ಕೇಳಿದರೆ ಸಂಜೆಗೆ ಮನೆಯಲ್ಲಿ ಮೂರು ಕಥೆ ಆಗಿರುತ್ತವೆ. ಒಂದು ನೂರು ಪುಟದ ನೋಟ್‌ಬುಕ್ ತೊಗೊಳ್ಳಿ. ದಿನಾಂಕ, ಡಾಕ್ಟರು ಹೇಳಿದ್ದು, ಕಟ್ಟಿದ ರೊಕ್ಕ ಎಲ್ಲ ಅದರಲ್ಲಿ ಬರಲಿ.

ಒಳಗಿನವರಿಗೆ ನೀವು ಹೇಳಬೇಕಾದದ್ದೂ ಇದೆ. ಬಿಪಿ, ಶುಗರ್, ಫಿಟ್ಸ್ ಗುಳಿಗೆಗಳ ಪಟ್ಟಿ ಕೊಡಿ. ಯಾವ ಔಷಧ ಮೈಗೆ ಆಗುವುದಿಲ್ಲ ಹೇಳಿ. ದಿನಾ ಕುಡಿಯುತ್ತಿದ್ದರೆ ಮುಚ್ಚಿಡಬೇಡಿ. ಕುಡಿಯುವವರಿಗೆ ದಾರು ಥಟ್ಟನೆ ನಿಂತರೆ ಎರಡನೇ, ಮೂರನೇ ದಿನ ನಡುಕ, ಫಿಟ್ಸ್, ಹುಚ್ಚುಹುಚ್ಚು ಮಾತು ಬರುತ್ತದೆ. ನಮಗೆ ಮೊದಲೇ ಗೊತ್ತಿದ್ದರೆ ಅದಕ್ಕೆ ಔಷಧ ಶುರು ಮಾಡಿರುತ್ತೇವೆ. ಕಟ್ಟಿಸಿದ ಹಲ್ಲು, ಕನ್ನಡಕ, ಕಿವಿ ಮಷಿನ್ ಇದ್ದರೆ ಹೇಳಿ.

ಸಹಿ ಕೇಳುತ್ತಾರೆ. ಇಂಗ್ಲಿಷ್ ಹಾಳೆಗೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ, ಕನ್ನಡದಲ್ಲಿ ಹೇಳಿ ಅಂತ ಕೇಳಿ. ಕೇಂದ್ರ ಆರೋಗ್ಯ ಇಲಾಖೆ 2023ರ ಕೊನೆಗೆ ಐಸಿಯು ದಾಖಲಾತಿಗೆ ಮಾರ್ಗಸೂಚಿ ತಂದಿತು. ರೋಗಿಯೋ ಮನೆಯವರೋ ಬೇಡ ಅಂದರೆ ಐಸಿಯುಗೆ ಸೇರಿಸಬಾರದು ಅಂತ ಅದರಲ್ಲಿದೆ. ಅಂಗ ಸೋತಿದೆ ಅಥವಾ ಸೋಲುವ ಹಾಗಿದೆ ಅನ್ನುವವರಿಗೆ ಐಸಿಯು ಅಂತಲೂ ಇದೆ. ಅದಕ್ಕೇ ಧೈರ್ಯವಾಗಿ ಕೇಳಬಹುದು: "ಇವರನ್ನು ವಾರ್ಡಿನಲ್ಲಿ ಯಾಕೆ ನೋಡಲು ಆಗಲ್ಲ?"

ದಿನಾ ಕೇಳುವ ಪ್ರಶ್ನೆಗಳು

ಹೊರಗೆ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ.

"ಹೆಂಗದಾರ್ರೀ ನಮ್ಮ ಅಪ್ಪಾರು?"

"ಸೀರಿಯಸ್ ಅದಾರ್ರಿ. ಟ್ರೀಟ್‌ಮೆಂಟ್ ನಡದೈತಿ."

ಇಬ್ಬರಿಗೂ ಅದರಿಂದ ಏನೂ ಸಿಗಲಿಲ್ಲ. ಇದರ ಬದಲು ನಾಲ್ಕು ವಿಷಯ ಹಿಡಿದು ಕೇಳಿ. ಆಕ್ಸಿಜನ್ ಎಷ್ಟು ಪರ್ಸೆಂಟ್ ಕೊಡುತ್ತಿದ್ದೀರಿ? ನಾವು ಉಸಿರಾಡುವ ಗಾಳಿಯಲ್ಲಿ 21 ಇದೆ. ನಿನ್ನೆ 80 ಇದ್ದದ್ದು ಇವತ್ತು 50 ಆಗಿದ್ದರೆ ಶ್ವಾಸಕೋಶ ಸುಧಾರಿಸುತ್ತಿದೆ. ಬಿಪಿ ಏರಿಸುವ ಔಷಧ, ಹೆಚ್ಚಾಗಿ ನಾರ್‌ಅಡ್ರಿನಲಿನ್, ನಿನ್ನೆಗಿಂತ ಕಡಿಮೆ ಆಯಿತಾ, ಜಾಸ್ತಿ ಆಯಿತಾ? ಮೂತ್ರ ಎಷ್ಟು ಬಂತು? ಕರೆದರೆ ಕಣ್ಣು ಬಿಡುತ್ತಾರಾ, ಹೇಳಿದ ಹಾಗೆ ಕೈ ಹಿಚುಕುತ್ತಾರಾ? ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು, ಮೂರು ದಿನದ್ದು ಪಕ್ಕ ಪಕ್ಕ ಇಟ್ಟು ನೋಡಿ. ಒಂದು ದಿನದ ಅಂಕಿ ಹೇಳದೇ ಇದ್ದದ್ದು ಮೂರು ದಿನದಲ್ಲಿ ಕಾಣುತ್ತದೆ.

ಮಾನಿಟರ್ ನೋಡಿ ಹೆದರಬೇಡಿ. ಬೆರಳಿನ ಕ್ಲಿಪ್ ಜಾರಿದರೂ ಅದು ಕೂಗುತ್ತದೆ. ನಿಮ್ಮ ಅವ್ವನ ಮುಖ ನೋಡಿ, ಎದೆ ಏರಿ ಇಳಿಯುವುದನ್ನು ನೋಡಿ. ಹಾಸಿಗೆಯ ತಲೆಭಾಗ ಎತ್ತರ ಇದೆಯಾ ಅಂತಲೂ ನೋಡಿ. ವೆಂಟಿಲೇಟರ್ ಮೇಲಿದ್ದವರನ್ನು ಚಪ್ಪಟೆ ಮಲಗಿಸಿದರೆ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಬೆನ್ನುಮೂಳೆಗೆ ಪೆಟ್ಟಾಗಿರುವಂಥ ಕಾರಣ ಇದ್ದರೆ ಮಾತ್ರ ಚಪ್ಪಟೆ ಇಡುತ್ತಾರೆ. "ಎಷ್ಟು ತಾಸಿಗೊಮ್ಮೆ ಮಗ್ಗಲು ಬದಲಿಸ್ತೀರಿ ಸಿಸ್ಟರ್?" ಅಂತ ಮೆತ್ತಗೆ ಕೇಳಿ. ಎರಡು ತಾಸಿಗೊಮ್ಮೆ ಅನ್ನುವುದು ವಾಡಿಕೆ. ಕೇಳುವ ಮನೆಯವರಿದ್ದರೆ ನಮಗೆ ಸಿಟ್ಟು ಬರುವುದಿಲ್ಲ. ಕಿರುಚುವವರಿದ್ದರೆ ಬರುತ್ತದೆ.

ಒಳಗೆ ಬಿಟ್ಟಾಗ ಮಾಡಬೇಕಾದದ್ದು

ನನ್ನ ಮನಸ್ಸಿಗೆ ಬಹಳ ಹತ್ತಿರವಾದ ವಿಷಯ ಇದು. ಐದು ನಿಮಿಷ ಬಿಡುತ್ತಾರೆ. ಜನ ಒಳಗೆ ಬಂದು ಅತ್ತು, ಕಾಲು ಮುಟ್ಟಿ, ಹೋಗಿಬಿಡುತ್ತಾರೆ. ಆ ಐದು ನಿಮಿಷ ಔಷಧದ ಹಾಗೆ ಕೆಲಸಕ್ಕೆ ಬರುತ್ತದೆ.

ಮೊದಲು ಕೈಗೆ ಸ್ಯಾನಿಟೈಸರ್ ಹಾಕಿ, ಬೆರಳ ಸಂದಿಯೆಲ್ಲ ತಿಕ್ಕಿ. ಬಂದ ಕಾಯಿಲೆ ವಾಸಿಯಾಗಿ, ಒಳಗೆ ಹತ್ತಿದ ಸೋಂಕಿನಿಂದ ಸಾಯುವವರೂ ಇದ್ದಾರೆ. ಆ ಸೋಂಕು ಕೈಯಿಂದಲೇ ಜಾಸ್ತಿ ಹರಡುತ್ತದೆ. ಆಮೇಲೆ ಕಿವಿಯ ಹತ್ತಿರ ಹೋಗಿ ಹೆಸರು ಹಿಡಿದು ಮಾತಾಡಿಸಿ. "ಅಪ್ಪಾ, ನಾನು ಮಂಜು ಬಂದೀನಿ. ಇದು ಹುಬ್ಬಳ್ಳಿ ದವಾಖಾನಿ. ಇವತ್ತು ಗುರುವಾರ, ಈಗ ಮುಂಜಾನೆ. ಬಾಯಾಗ ಪೈಪ್ ಹಾಕ್ಯಾರ, ಅದಕ್ಕ ಮಾತು ಬರಂಗಿಲ್ಲ, ಆರಾಮ್ ಆದ್ಮ್ಯಾಲೆ ತಗೀತಾರ." ಇಷ್ಟು ಸಾಕು. ಐಸಿಯುನಲ್ಲಿ ದೀಪ ಆರುವುದಿಲ್ಲ, ಹಗಲು ಯಾವುದು ರಾತ್ರಿ ಯಾವುದು ತಿಳಿಯುವುದಿಲ್ಲ. ಜ್ವರ, ನಿದ್ದೆಗೇಡು, ಮಂಪರು ಔಷಧ ಸೇರಿ ಗಟ್ಟಿ ಮನುಷ್ಯನಿಗೂ ದಿಕ್ಕು ತಪ್ಪುತ್ತದೆ. ಗೋಡೆಯ ಮೇಲೆ ಹುಳ ಹರಿಯುತ್ತಿದೆ ಅಂತಾರೆ, ಸಿಸ್ಟರ್ ವಿಷ ಹಾಕುತ್ತಿದ್ದಾಳೆ ಅಂತಾರೆ, ಪೈಪ್ ಕೀಳುತ್ತಾರೆ. ಅದು ಹುಚ್ಚಲ್ಲ, ದೆವ್ವವೂ ಅಲ್ಲ. ಮೆದುಳೂ ಕಾಯಿಲೆ ಬಿದ್ದಿದೆ, ಅಷ್ಟೇ. ಬಹಳ ಜನರಿಗೆ ಅದು ಇಳಿಯುತ್ತದೆ. ಪರಿಚಿತ ದನಿ, ಮೂಗಿನ ಮೇಲೆ ಅವರದೇ ಕನ್ನಡಕ, ಕಿವಿಗೆ ಮಷಿನ್ ಇದ್ದರೆ ಬೇಗ ಇಳಿಯುತ್ತದೆ.

"ಕೈ ಯಾಕ್ ಕಟ್ಟೀರಿ, ಅವರೇನು ಕಳ್ಳರೇನ್ರಿ?" ಅಂತ ಒಬ್ಬ ತಾಯಿ ನನ್ನ ಮುಂದೆ ಅತ್ತಿದ್ದರು. ಮಗ ಎರಡು ಸಲ ಪೈಪ್ ಕಿತ್ತಿದ್ದ. ನಾನು ಆಕೆಯನ್ನು ಪಕ್ಕದಲ್ಲಿ ಕೂರಿಸಿ, ಕೈ ಹಿಡಿದುಕೊಳ್ಳಲು ಹೇಳಿ, ಕಟ್ಟು ಬಿಚ್ಚಿದೆ. ಆಕೆ ಇದ್ದಷ್ಟು ಹೊತ್ತು ಅವನು ಕೈ ಎತ್ತಲಿಲ್ಲ. ಕೈ ಕಟ್ಟಿದ್ದನ್ನು ಕಂಡರೆ ನೀವೂ ಇದನ್ನೇ ಕೇಳಿ: "ನಾವು ಹಿಡಿದು ಕೂತರೆ ಸ್ವಲ್ಪ ಹೊತ್ತು ಬಿಚ್ಚಬಹುದಾ?" ಕೆಲವು ಆಸ್ಪತ್ರೆಗಳು ಬಿಡುತ್ತವೆ. ಬಿಡದ ಕಡೆಯೂ ಕೇಳುವವರು ಜಾಸ್ತಿಯಾದರೆ ನಿಯಮ ಬದಲಾಗುತ್ತದೆ.

ಬಾಯಿಗೆ ಏನನ್ನೂ ಹಾಕಬೇಡಿ. ಸಿದ್ಧಾರೂಢರ ಮಠದ ವಿಭೂತಿ ತಂದಿದ್ದರೆ ಸಿಸ್ಟರಿಗೆ ಹೇಳಿ ಹಣೆಗೆ ಒಂದಿಷ್ಟು ಹಚ್ಚಿ, ತೀರ್ಥ ಮಾತ್ರ ಬೇಡ. ಒಂದು ಚಮಚ ನೀರೂ ಶ್ವಾಸಕೋಶಕ್ಕೆ ಇಳಿಯಬಹುದು. ಎಳನೀರು ಒಳ್ಳೆಯದು ಅಂತ ತರುತ್ತಾರೆ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಕಿಡ್ನಿ ಸೋತವರ ಹೃದಯವನ್ನೇ ನಿಲ್ಲಿಸಬಹುದು.

ರೊಕ್ಕ

ಐಸಿಯು ಮನೆ ಮುರಿಯುತ್ತದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸೇರಿಸಿದ ದಿನವೇ ಆಧಾರ್, ರೇಷನ್ ಕಾರ್ಡ್ ಹಿಡಿದು ಸರ್ಕಾರಿ ಆರೋಗ್ಯ ಯೋಜನೆಗಳಿಗೆ ದಾರಿ ತೋರಿಸುವ ಆರೋಗ್ಯಮಿತ್ರರ ಟೇಬಲ್ ಹುಡುಕಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಮಂಜೂರಾತಿ ಮೊದಲು ಆಗಬೇಕು, ಬಿಲ್ ಆದ ಮೇಲೆ ಓಡಾಡಿದರೆ ಕಷ್ಟ. ಸಹಕಾರಿ ಸೊಸೈಟಿ ಸದಸ್ಯರಾಗಿದ್ದರೆ ಅವರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡ್ ನೋಡಿಕೊಳ್ಳಿ. ಖಾಸಗಿಯಲ್ಲಿ ಇದ್ದರೆ ಬಿಲ್ಲನ್ನು ದಿನಾ ಕೇಳಿ ಪಡೆಯಿರಿ, ಹಾಸಿಗೆ, ವೆಂಟಿಲೇಟರ್, ಔಷಧ, ಕೈಗವಸು ಎಲ್ಲ ಬೇರೆ ಬೇರೆ ಬರೆದದ್ದು. ರೇಟು ಕಾಣುವ ಹಾಗೆ ಹಾಕಬೇಕು ಅನ್ನುವುದು ರಾಜ್ಯದ ಕಾನೂನು. ಬಾಕಿ ಇದೆ ಅಂತ ಹೆಣ ಕೊಡದೆ ಇಟ್ಟುಕೊಳ್ಳುವ ಹಾಗಿಲ್ಲ, ಅದೂ ಅದೇ ಕಾನೂನಿನಲ್ಲಿದೆ.

ನಾನು ಕಂಡ ದೊಡ್ಡ ಅನ್ಯಾಯ ಅಂದರೆ, ಹತ್ತು ದಿನ ಖಾಸಗಿಯಲ್ಲಿಟ್ಟು, ಕುಂದಗೋಳದ ಎರಡೆಕರೆ ಎರೆ ಹೊಲ ಹೋಗಿ, ಹನ್ನೊಂದನೇ ದಿನ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು. ಆಗ ಅಲ್ಲಿ ಬೆಡ್ ಇರುವುದಿಲ್ಲ, ರೋಗಿಗೆ ದಾರಿ ತಡೆಯುವ ಶಕ್ತಿಯೂ ಇರುವುದಿಲ್ಲ. ಎರಡನೇ ದಿನವೇ ನಿಮ್ಮ ಕೈಲಾದಷ್ಟು ಎಷ್ಟು ಅಂತ ಡಾಕ್ಟರಿಗೆ ಹೇಳಿ. "ನಮ್ಮ ಹತ್ರ ಇಷ್ಟೇ ಐತ್ರಿ. ಎಷ್ಟು ದಿನ ಬೇಕಾಗ್ತೈತಿ? ಈಗಲೇ ಕಿಮ್ಸ್‌ಗೆ ಒಯ್ಯೋದು ಚಲೋನಾ?" ನಾಚಿಕೆ ಬೇಡ. ಒಳ್ಳೆಯ ಡಾಕ್ಟರು ನೇರ ಉತ್ತರ ಕೊಡುತ್ತಾರೆ.

ಮಾರುಕಟ್ಟೆಯಲ್ಲಿ ಒಂದು ಮಾತು ಓಡಾಡುತ್ತದೆ: ಸತ್ತವರನ್ನೂ ವೆಂಟಿಲೇಟರ್ ಮೇಲೆ ಇಟ್ಟು ಬಿಲ್ ಎಳೆಯುತ್ತಾರೆ ಅಂತ. ಹೃದಯ ನಿಂತ ಮೇಲೆ ವೆಂಟಿಲೇಟರ್ ಗಾಳಿ ಒತ್ತಬಹುದು, ಆದರೆ ಮೈ ತಣ್ಣಗಾಗುತ್ತದೆ, ಕೆಲವೇ ತಾಸಿನಲ್ಲಿ ಸೆಟೆಯುತ್ತದೆ. ಮುಚ್ಚಿಡಲು ಆಗುವುದಿಲ್ಲ. ಅನುಮಾನ ಬಂದರೆ ಒಳಗೆ ಹೋಗಿ ಕೈ ಮುಟ್ಟಿ ನೋಡುತ್ತೇವೆ ಅಂತ ಕೇಳಿ. ಮೆದುಳು ಸತ್ತದ್ದು ಬೇರೆ. ಅಲ್ಲಿ ಹೃದಯ ಇನ್ನೂ ಬಡಿಯುತ್ತದೆ, ಮೈ ಬೆಚ್ಚಗಿರುತ್ತದೆ, ಆದರೆ ಆ ಮನುಷ್ಯ ತಿರುಗಿ ಬರುವುದಿಲ್ಲ. ಅಂಗಾಂಗ ದಾನಕ್ಕೆ 1994ರ ಕಾನೂನಿನ ಪ್ರಕಾರ ನಾಲ್ವರು ಡಾಕ್ಟರ ತಂಡ, ಆರು ತಾಸಿನ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಇದನ್ನು ಖಚಿತ ಮಾಡುತ್ತದೆ. ರಾಜ್ಯದಲ್ಲಿ ದಾನದ ಕೆಲಸ ನೋಡಿಕೊಳ್ಳುವುದು ಜೀವಸಾರ್ಥಕತೆ ಅನ್ನುವ ಸಂಸ್ಥೆ.

ಸುಧಾರಿಸದೇ ಇದ್ದಾಗ

ವೆಂಟಿಲೇಟರ್ ಒಂದು, ಎರಡು ವಾರ ದಾಟುವ ಹಾಗಿದ್ದರೆ ಗಂಟಲಿಗೆ ತೂತು ಮಾಡುತ್ತೇವೆ ಅಂತಾರೆ. ಕೇಳಲು ಭಯ, ಆದರೆ ಬಾಯಿಯ ಪೈಪಿಗಿಂತ ರೋಗಿಗೆ ಹಿತ. ಮಂಪರು ಔಷಧ ಕಡಿಮೆ ಸಾಕು, ಆಮೇಲೆ ತೆಗೆದರೆ ತೂತು ಮುಚ್ಚಿಕೊಳ್ಳುತ್ತದೆ. ಒಪ್ಪುವ ಮೊದಲು ಮಾತ್ರ ಮೊದಲ ಪ್ರಶ್ನೆಯನ್ನೇ ಕೇಳಿ, ಏನು ಸರಿಹೋಗಲಿ ಅಂತ ಕಾಯುತ್ತಿದ್ದೇವೆ ಅಂತ.

ಕ್ಯಾನ್ಸರ್ ಮೈಯೆಲ್ಲ ಹರಡಿದ ಅಜ್ಜನಿಗೆ, ಮೆದುಳಿಗೆ ದೊಡ್ಡ ರಕ್ತಸ್ರಾವ ಆದ ಅಜ್ಜಿಗೆ ಉತ್ತರ "ಏನೂ ಸರಿಹೋಗುವುದಿಲ್ಲ" ಅಂತಲೇ ಇರಬಹುದು. ಆಗ ಒಂದು ಅವಧಿ ಗೊತ್ತು ಮಾಡಿಕೊಳ್ಳಿ. "ಮೂರು ದಿನ ಎಲ್ಲ ಮಾಡಿ ನೋಡೋಣ. ಆಕ್ಸಿಜನ್ ಇಳಿಯದಿದ್ದರೆ, ಎಚ್ಚರ ಬಾರದಿದ್ದರೆ ಮತ್ತೆ ಕೂತು ಮಾತಾಡೋಣ." ನೀವು ಹೀಗೆ ಕೇಳಿದರೆ ಡಾಕ್ಟರಿಗೂ ಹಗುರ.

ನಮ್ಮ ಕಡೆ ರೂಢಿ ಬೇರೆ ಇದೆ. ಮನೆಯಲ್ಲಿ ಜೀವ ಹೋಗಲಿ ಅಂತ, ಡಾಕ್ಟರ ಸಲಹೆಗೆ ವಿರುದ್ಧವಾಗಿ ಒಯ್ಯುತ್ತೇವೆ ಅನ್ನುವ ಹಾಳೆಗೆ ಸಹಿ ಹಾಕಿ, ಆಂಬುಲೆನ್ಸಿನಲ್ಲಿ ಚೀಲ ಒತ್ತಿಸಿಕೊಂಡು ಊರಿಗೆ ಒಯ್ಯುತ್ತಾರೆ. ಮನೆಯಲ್ಲಿ ಸಾಯಬೇಕು ಅನ್ನುವ ಆಸೆ ತಪ್ಪಲ್ಲ. ಆದರೆ ನೋವಿಗೆ, ಏದುಸಿರಿಗೆ ಔಷಧವೇ ಇಲ್ಲದೆ ಒಯ್ದರೆ ಆ ಜೀವ ನರಳಿ ಹೋಗುತ್ತದೆ. ಆ ಹಾಳೆಗೆ ಸಹಿ ಮಾಡುವ ಮೊದಲು ಕಾನೂನು ನಿಮಗೆ ಇನ್ನೊಂದು ದಾರಿ ಕೊಟ್ಟಿದೆ ಅಂತ ತಿಳಿದಿರಲಿ.

ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಘನತೆಯಿಂದ ಸಾಯುವುದೂ ಹಕ್ಕು ಅಂದಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸುಲಭ ಮಾಡಿತು. 2025ರ ಜನವರಿ ಕೊನೆಗೆ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ವಾಸಿಯಾಗುವ ಆಸೆ ಇಲ್ಲದ ರೋಗಿಯ ಜೀವಾಧಾರ ಚಿಕಿತ್ಸೆ ನಿಲ್ಲಿಸಬೇಕಾದರೆ, ನೋಡುತ್ತಿರುವ ಡಾಕ್ಟರೂ ಐದು ವರ್ಷದ ಅನುಭವವಿರುವ ಕನಿಷ್ಠ ಇಬ್ಬರು ತಜ್ಞರೂ ಇರುವ ಮೊದಲ ಮಂಡಳಿ ನೋಡುತ್ತದೆ. ಆಮೇಲೆ ಜಿಲ್ಲಾ ಆರೋಗ್ಯ ಅಧಿಕಾರಿ ಹೆಸರಿಸಿದ ಡಾಕ್ಟರಿರುವ ಎರಡನೇ ಮಂಡಳಿ ನೋಡುತ್ತದೆ. ಮನೆಯವರ ಒಪ್ಪಿಗೆ ಬೇಕೇ ಬೇಕು. ಇದು ಇಂಜೆಕ್ಷನ್ ಕೊಟ್ಟು ಕೊಲ್ಲುವುದಲ್ಲ. ಯಂತ್ರ ಹಿಂದಕ್ಕೆ ಸರಿಯುತ್ತದೆ, ನೋವಿನ ಔಷಧ ಮುಂದುವರಿಯುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ "ಮಂಡಳಿ ಆಗಿದೆಯಾ?" ಅಂತ ಬರವಣಿಗೆಯಲ್ಲಿ ಕೇಳಿ. ಕೇಳಿದಾಗಲೇ ಮಂಡಳಿಗಳು ನಿಜವಾಗಿ ಕೂಡುವುದು.

ಆರೋಗ್ಯವಾಗಿ ಇರುವವರು ಇವತ್ತೇ ಮಾಡಬಹುದಾದದ್ದೂ ಇದೆ. ನನಗೆ ಮಾತು ಬಾರದ ಸ್ಥಿತಿ ಬಂದರೆ ಏನು ಬೇಕು, ಏನು ಬೇಡ, ನನ್ನ ಪರವಾಗಿ ಯಾರು ಹೇಳಬೇಕು ಅಂತ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಿ. ನಾನು ಮಾಡಿಸಿದ್ದೇನೆ. ಮಗಳು ಮೊದಲು ಅತ್ತಳು, ಆಮೇಲೆ ಅವಳೇ ಹಾಳೆಯನ್ನು ಎಲ್ಲಿಟ್ಟಿದ್ದೀಯವ್ವ ಅಂತ ಕೇಳಿ ತೆಗೆದಿಟ್ಟುಕೊಂಡಳು.

ಮನೆಗೆ ಬಂದ ಮೇಲೆ

ಉಳಿದು ಬಂದವರು ಮೊದಲಿನ ಹಾಗೆ ಇರುವುದಿಲ್ಲ. ತೊಡೆಯ ಮಾಂಸ ಕರಗಿರುತ್ತದೆ, ಲೋಟ ಎತ್ತಲು ಕೈ ನಡುಗುತ್ತದೆ. ರಾತ್ರಿ ಕೆಟ್ಟ ಕನಸು, ಮರೆವು, ಸಣ್ಣದಕ್ಕೂ ಅಳು ಬರುತ್ತದೆ. ತಿಂಗಳುಗಟ್ಟಲೆ ಇರುತ್ತದೆ. ಇದನ್ನೂ ಡಾಕ್ಟರುಗಳು ಕಾಯಿಲೆಯಾಗಿಯೇ ನೋಡುತ್ತಾರೆ, ಚಿಕಿತ್ಸೆ ಇದೆ. ಮೊದಲ ವಾರ ಹಾಸಿಗೆಯ ಅಂಚಿಗೆ ಕೂರಿಸಿ, ಆಮೇಲೆ ಪಡಸಾಲೆವರೆಗೆ, ಆಮೇಲೆ ಕಟ್ಟೆವರೆಗೆ ನಡೆಸಿ. ಮೊಟ್ಟೆ, ಬೇಳೆ, ಶೇಂಗಾ, ಹಾಲು ಅಡ್ಡಿಯಿಲ್ಲ ಅಂದರೆ ಧಾರಾಳ ಕೊಡಿ. ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯಾ ದಿನಾ ನೋಡಿ. ಗಂಟಲಿನ ಕೊಳವೆ ಇಟ್ಟುಕೊಂಡೇ ಕಳಿಸಿದರೆ, ಕಫ ತೆಗೆಯುವುದನ್ನು ಮನೆಯ ಇಬ್ಬರು ಸಿಸ್ಟರ ಮುಂದೆಯೇ ಮಾಡಿ ಕಲಿಯುವವರೆಗೆ ಡಿಸ್ಚಾರ್ಜ್ ಬೇಡ ಅನ್ನಿ.

ಮುಂದೆ ನಮ್ಮ ಜಿಲ್ಲೆಗಳಿಗೆ ಏನು ಕೇಳಬೇಕು

2020ರಲ್ಲಿ ತಜ್ಞರು ಹಾಕಿದ ಅಂದಾಜಿನಂತೆ ಇಡೀ ದೇಶದಲ್ಲಿ ಸುಮಾರು 95,000 ಐಸಿಯು ಹಾಸಿಗೆ, 48,000 ವೆಂಟಿಲೇಟರ್ ಇದ್ದವು. ಅದರಲ್ಲಿ ಜಾಸ್ತಿ ಪಾಲು ಖಾಸಗಿಯದು. ಹೆಚ್ಚು ಹಾಸಿಗೆ ಇರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೂ ರೋಣದವರಿಗೆ, ಹಿರೇಕೆರೂರಿನವರಿಗೆ ಅದರಿಂದ ಏನು ಬಂತು? ಮರುವರ್ಷ ಮೇ ತಿಂಗಳಲ್ಲಿ, ಕೊರೋನಾ ಹಾವಳಿಯಲ್ಲಿ, ಚಾಮರಾಜನಗರದಲ್ಲಿ ಒಂದೇ ರಾತ್ರಿ ಆಕ್ಸಿಜನ್ ಕೊರತೆಯ ನಡುವೆ ಜನ ಸತ್ತದ್ದನ್ನು ನಾವು ಇಲ್ಲಿ ಡ್ಯೂಟಿ ಮಾಡುತ್ತಲೇ ಕೇಳಿದೆವು. ಆ ರಾತ್ರಿ ಪ್ರತಿಯೊಬ್ಬ ಸಿಸ್ಟರೂ ಸಿಲಿಂಡರ್ ಮೀಟರನ್ನು ಹತ್ತು ಸಲ ನೋಡಿದ್ದಾಳೆ.

ಆಮೇಲೆ ಬದಲಾವಣೆ ಆಗಿದೆ. ಆಕ್ಸಿಜನ್ ಪ್ಲಾಂಟುಗಳು ಬಂದವು. 2021ರ ಅಕ್ಟೋಬರಿನಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಜಿಲ್ಲೆಗಳಿಗೆ ಕ್ರಿಟಿಕಲ್ ಕೇರ್ ಬ್ಲಾಕ್ ಕಟ್ಟುತ್ತಿದ್ದಾರೆ. ಟೆಲಿ ಐಸಿಯು ಬಂದಿದೆ. ಜಿಲ್ಲೆಯ ಹಾಸಿಗೆಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಪರದೆಯಲ್ಲಿ ನೋಡಿ ಸಲಹೆ ಕೊಡುತ್ತಾರೆ. ಇದು ಒಳ್ಳೆಯದು, ಇನ್ನೂ ಬರಲಿ. ರಾತ್ರಿ ಎರಡು ಗಂಟೆಗೆ ಹಾವೇರಿಯ ಕಿರಿಯ ಡಾಕ್ಟರಿಗೆ ಕೇಳಲು ಒಬ್ಬರು ಇದ್ದಾರೆ ಅಂದರೆ ಅದು ಸಣ್ಣ ಮಾತಲ್ಲ. ಐಸಿಯು ಡಾಕ್ಟರುಗಳ ಅಖಿಲ ಭಾರತ ಸಂಘ 1993ರಲ್ಲೇ ಹುಟ್ಟಿದೆ, ಈ ವಿದ್ಯೆಯಲ್ಲೇ ಡಿಎಂ ಅನ್ನುವ ಉನ್ನತ ತಜ್ಞ ಪದವಿ ಇದೆ. ಆದರೆ ಹಾಗೆ ಓದಿದವರು ಜಿಲ್ಲೆಗೆ ಬರುವುದು ಅಪರೂಪ. ಸಂಬಳ, ಮಕ್ಕಳ ಶಾಲೆ, ಜೊತೆಗೆ ಕೆಲಸ ಮಾಡುವ ತಂಡ ಇದ್ದರೆ ಬರುತ್ತಾರೆ.

ಪರದೆ ಮಾತ್ರ ಮಗ್ಗಲು ಬದಲಿಸುವುದಿಲ್ಲ. ಕಫ ತೆಗೆಯುವುದಿಲ್ಲ. ಕೊರೋನಾ ಕಾಲದಲ್ಲಿ ಬಂದ ವೆಂಟಿಲೇಟರುಗಳು ದೇಶದ ಎಷ್ಟೋ ಕಡೆ ನಡೆಸುವವರಿಲ್ಲದೆ ಮೂಲೆ ಸೇರಿದ ಸುದ್ದಿ ಪೇಪರಿನಲ್ಲಿ ಓದಿದ್ದೀರಿ. ಕೊಪೆನ್‌ಹೇಗನ್‌ನಲ್ಲಿ ಹಾಸಿಗೆಗೊಬ್ಬರು ಕೂತಿದ್ದರು. ಇವತ್ತಿಗೂ ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬ ನರ್ಸ್ ಇರಬೇಕು ಅನ್ನುವುದೇ ಸರಿಯಾದ ಲೆಕ್ಕ. ಒಬ್ಬಳು ಸಿಸ್ಟರ್ ನಾಲ್ಕು ವೆಂಟಿಲೇಟರ್ ನೋಡುವ ರಾತ್ರಿಗಳು ನಮ್ಮಲ್ಲಿ ಇವೆ. ಗುತ್ತಿಗೆಯ ಮೇಲೆ ಬಂದ ಹುಡುಗಿ ಕೆಲಸ ಕಲಿತು ಹದಕ್ಕೆ ಬರುವ ಹೊತ್ತಿಗೆ ಒಪ್ಪಂದ ಮುಗಿಯುತ್ತದೆ, ಅವಳು ಬೇರೆ ಊರಿಗೋ ಬೇರೆ ದೇಶಕ್ಕೋ ಹೋಗುತ್ತಾಳೆ.

ಹಾಗಾಗಿ ನಿಮ್ಮ ಊರಿಗೆ ಹೊಸ ಐಸಿಯು ಉದ್ಘಾಟನೆಗೆ ಶಾಸಕರು ಬಂದಾಗ ಎಷ್ಟು ಹಾಸಿಗೆ ಅಂತ ಮಾತ್ರ ಕೇಳಿ ಬರಬೇಡಿ. ತಾಲೂಕು, ಜಿಲ್ಲಾ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಇದೆ. ಅದರ ಸದಸ್ಯರು ಯಾರು ಅಂತ ಆಸ್ಪತ್ರೆಯಲ್ಲಿ ಕೇಳಿ ತಿಳಿದುಕೊಂಡು, ಮುಂದಿನ ಸಭೆಗೆ ಈ ಪ್ರಶ್ನೆಗಳನ್ನು ಬರೆದು ಕೊಡಿ. ರಾತ್ರಿ ಪಾಳಿಯಲ್ಲಿ ಎಷ್ಟು ವೆಂಟಿಲೇಟರಿಗೆ ಎಷ್ಟು ಜನ ಸಿಸ್ಟರ್ ಇದ್ದಾರೆ? ಅವರಲ್ಲಿ ಐಸಿಯು ತರಬೇತಿ ಆದವರು ಎಷ್ಟು? ಕಾಯಂ ಎಷ್ಟು, ಗುತ್ತಿಗೆ ಎಷ್ಟು? ಕೆಟ್ಟು ನಿಂತ ವೆಂಟಿಲೇಟರ್ ಎಷ್ಟು, ರಿಪೇರಿಗೆ ಯಾವಾಗ ಬರೆದಿದ್ದಾರೆ? ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅದನ್ನೇ ಕೇಳಿ. ಮೂವತ್ತು ದಿನದೊಳಗೆ ಅವರು ಉತ್ತರಿಸಬೇಕು.